ಸೀಟು ಹಂಚುವ ಕಂಪ್ಯೂಟರಿಗೆ ನಿಜ ಹೇಳಿ

ಸಿಇಟಿ ರ‍್ಯಾಂಕ್ ಪ್ರಕಟವಾಗಿ ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೈಬರ್ ಸೆಂಟರ್‌ಗಳಲ್ಲಿ ಒಂದು ಸಲಹೆ ತಪ್ಪದೆ ಕೇಳಿಬರುತ್ತದೆ. ‘ಈ ರ‍್ಯಾಂಕಿಗೆ ಆ ಕಾಲೇಜು ಎಲ್ಲಿ ಸಿಗುತ್ತೆ? ಅದನ್ನ ಮೇಲೆ ಹಾಕಿ ಇರೋ ಅವಕಾಶಾನೂ ಕಳ್ಕೋಬೇಡಿ, ಸಿಗೋದನ್ನೇ ಮೊದಲು ಹಾಕಿ’ ಎಂಬ ಈ ಮಾತು ಹೇಳುವವರ ಉದ್ದೇಶ ಒಳ್ಳೆಯದೇ. ಕೇಳುವ ಅಪ್ಪ ಅಮ್ಮಂದಿರಿಗೂ ಅದು ವಿವೇಕದ ಮಾತಾಗಿಯೇ ಕಾಣುತ್ತದೆ. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸೀಟು ಹಂಚುವ ಬಗೆಯನ್ನು ಒಮ್ಮೆ ಬಿಡಿಸಿ ನೋಡಿದರೆ ಈ ಸಲಹೆ ಪೂರ್ತಿ ತಲೆಕೆಳಗು ಎಂಬುದು ಗೊತ್ತಾಗುತ್ತದೆ. ಪಟ್ಟಿಯನ್ನು ರ‍್ಯಾಂಕಿಗೆ ಹೆದರಿ ಬರೆಯಬಾರದು. ಯಾವುದು ಹೆಚ್ಚು ಬೇಕೋ ಅದು ಮೇಲೆ, ಅದಕ್ಕಿಂತ ಕಡಿಮೆ ಬೇಕಾದದ್ದು ಅದರ ಕೆಳಗೆ, ಅಷ್ಟೇ. ಕಷ್ಟ ಇರುವುದು ‘ಹೆಚ್ಚು ಬೇಕಾದದ್ದು’ ಯಾವುದೆಂದು ಮನೆಯಲ್ಲಿ ಕೂತು ತೀರ್ಮಾನಿಸುವುದರಲ್ಲಿ. ನಮ್ಮ ಜಿಲ್ಲೆಯಲ್ಲಿ ಆಗುತ್ತಿರುವುದು ಇದರ ಉಲ್ಟಾ. ಕಂಪ್ಯೂಟರಿನ ಮುಂದೆ ಜಾಣತನ ತೋರಿಸಲು ಹೋಗುತ್ತೇವೆ, ಮನೆಯಲ್ಲಿ ಹಾಕಬೇಕಾದ ಲೆಕ್ಕವನ್ನು ಹಾಕುವುದೇ ಇಲ್ಲ.

ಹಂಚಿಕೆ ನಡೆಯುವ ರೀತಿ ಸರಳ. ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ ಲೆಕ್ಕಕ್ಕೆ ಬರುತ್ತವೆ. ಹಂಚಿಕೆಯ ದಿನ ಕಂಪ್ಯೂಟರ್ ಒಂದನೇ ರ‍್ಯಾಂಕಿನಿಂದ ಶುರುಮಾಡಿ ಕ್ರಮವಾಗಿ ಕೆಳಗಿಳಿಯುತ್ತದೆ. ಒಬ್ಬೊಬ್ಬರ ಸರದಿ ಬಂದಾಗಲೂ ಅವರ ಪಟ್ಟಿಯ ಮೊದಲ ಆಪ್ಷನ್‌ನಲ್ಲಿ ಸೀಟು ಉಳಿದಿದೆಯೇ ಎಂದು ನೋಡುತ್ತದೆ. ಮೊದಲು ಸಾಮಾನ್ಯ ವರ್ಗದಲ್ಲಿ, ಅಲ್ಲಿ ಇಲ್ಲದಿದ್ದರೆ ಅಭ್ಯರ್ಥಿಗೆ ಅರ್ಹತೆಯಿರುವ ಮೀಸಲಾತಿಯಲ್ಲಿ ಹುಡುಕುತ್ತದೆ. ಎಲ್ಲೂ ಇಲ್ಲವೆಂದಾದಾಗ ಮಾತ್ರ ಎರಡನೇ ಆಪ್ಷನ್‌ಗೆ ಇಳಿಯುತ್ತದೆ. ಶ್ರೀನಿವಾಸಪುರದ ಒಬ್ಬ ವಿದ್ಯಾರ್ಥಿನಿಗೆ 52,000ನೇ ರ‍್ಯಾಂಕ್ ಬಂದಿದೆ ಎಂದಿಟ್ಟುಕೊಳ್ಳೋಣ. ಮೊದಲಿಗೆ ಬೆಂಗಳೂರಿನ ಯುವಿಸಿಇ ಕಾಲೇಜಿನ ಕಂಪ್ಯೂಟರ್ ಸೈನ್ಸ್, ಎರಡನೆಯದಾಗಿ ಬೆಂಗಳೂರಿನದೇ ಒಂದು ಖಾಸಗಿ ಕಾಲೇಜಿನ ಎಲೆಕ್ಟ್ರಾನಿಕ್ಸ್, ಮೂರನೆಯದಾಗಿ ಕೋಲಾರದ ಒಂದು ಕಾಲೇಜಿನ ಕಂಪ್ಯೂಟರ್ ಸೈನ್ಸ್ ಬರೆದಿದ್ದಾಳೆ. ಯುವಿಸಿಇ ಸೀಟುಗಳು ಅವಳ ಸರದಿ ಬರುವ ಎಷ್ಟೋ ಮೊದಲೇ ಮುಗಿದಿರುತ್ತವೆ. ಕಂಪ್ಯೂಟರ್ ಅದನ್ನು ದಾಟಿ ಎರಡನೆಯದಕ್ಕೆ ಬರುತ್ತದೆ, ಅಲ್ಲಿ ಸೀಟಿದ್ದರೆ ಕೊಡುತ್ತದೆ. 60,000ನೇ ರ‍್ಯಾಂಕಿನ ಹುಡುಗನೊಬ್ಬ ಅದೇ ಎಲೆಕ್ಟ್ರಾನಿಕ್ಸನ್ನು ತನ್ನ ಮೊದಲ ಆಪ್ಷನ್ ಮಾಡಿಕೊಂಡಿದ್ದರೂ ಸಾಮಾನ್ಯ ವರ್ಗದ ಸೀಟಿನಲ್ಲಿ ಇವಳನ್ನು ಹಿಂದೆ ಹಾಕಲಾರ. ಯುವಿಸಿಇಯನ್ನು ಮೇಲೆ ಬರೆದಿದ್ದರಿಂದ ಅವಳು ಕಳೆದುಕೊಂಡದ್ದು ಏನೂ ಇಲ್ಲ. ಅದೇ ಹೆದರಿಕೊಂಡು ಕೋಲಾರದ ಕಾಲೇಜನ್ನು ಮೊದಲು ಬರೆದಿದ್ದರೆ, ಬೇಕಾದ ಸೀಟು ಖಾಲಿಯಿದ್ದೂ ಅದು ಅವಳ ಕೈತಪ್ಪುತ್ತಿತ್ತು.

ಈ ಹೆದರಿಕೆ ಎಲ್ಲಿಂದ ಬಂತೆಂದು ಊಹಿಸುವುದು ಕೋಲಾರದವರಿಗೆ ಕಷ್ಟವಲ್ಲ. ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ಹರಾಜಿಗೆ ನಿಂತಾಗ, ತನಗೆ ಈ ಮಾಲು ಎಷ್ಟು ಬೇಕಾಗಿದೆ ಎಂಬುದನ್ನು ಯಾವ ಖರೀದಿದಾರನೂ ಮುಖದಲ್ಲಿ ತೋರಿಸುವುದಿಲ್ಲ. ತೋರಿಸಿದರೆ ರೇಟು ಏರುತ್ತದೆ. ಮನಸ್ಸಿನಲ್ಲಿದ್ದದ್ದನ್ನು ಬಚ್ಚಿಟ್ಟವನೇ ಅಲ್ಲಿ ಗೆಲ್ಲುತ್ತಾನೆ. ಆಪ್ಷನ್ ಎಂಟ್ರಿಗೆ ಈ ಬುದ್ಧಿ ನಡೆಯುವುದಿಲ್ಲ. ಎಲ್ಲ ಊರುಗಳಲ್ಲೂ ವ್ಯವಸ್ಥೆ ಹೀಗೇ ಇರುತ್ತದೆ ಎಂದಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗಳಿಗೆ ಹಂಚುವಾಗ, ಒಂದು ಶಾಲೆಯನ್ನು ಮೊದಲ ಆಯ್ಕೆಯಾಗಿ ಬರೆದವರಿಗೇ ಮೊದಲು ಸೀಟು ಕೊಡುವ ಪದ್ಧತಿಯಿತ್ತು. ಅಲ್ಲಿ ಸಿಗದ ಶಾಲೆಯನ್ನು ಮೇಲೆ ಬರೆದರೆ ನಿಜಕ್ಕೂ ನಷ್ಟವಾಗುತ್ತಿತ್ತು. ಒಳಗುಟ್ಟು ಬಲ್ಲ ಪೋಷಕರು ಲೆಕ್ಕ ಹಾಕಿ ಬರೆದು ಗೆದ್ದರು, ಮನಸ್ಸಿನಲ್ಲಿದ್ದದ್ದನ್ನು ಹಾಗೇ ಬರೆದ ಸಾಮಾನ್ಯರು ಸೋತರು. ಅರ್ಥಶಾಸ್ತ್ರಜ್ಞರು ಈ ದೋಷವನ್ನು ಎತ್ತಿ ತೋರಿಸಿದ ಮೇಲೆ 2005ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ನಿಜ ಹೇಳಿದವರಿಗೆ ನಷ್ಟವಾಗದಂತೆ ಹಂಚಿಕೆ ಮಾಡುವುದು ಹೇಗೆ ಎಂಬ ಅಧ್ಯಯನದ ಅಡಿಪಾಯಕ್ಕೇ 2012ರಲ್ಲಿ ಲಾಯ್ಡ್ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ರ‍್ಯಾಂಕಿನ ಸರದಿಯಂತೆ ನಡೆಯುವ ನಮ್ಮ ಹಂಚಿಕೆ ಈ ಒಳ್ಳೆಯ ಜಾತಿಗೆ ಸೇರಿದ್ದು. ನಾವು ಮಾತ್ರ ಅದನ್ನು ಬಾಸ್ಟನ್ನಿನ ಹಳೆಯ ಪದ್ಧತಿಯೆಂದೇ ತಿಳಿದು ಪಟ್ಟಿ ಬರೆಯುತ್ತಿದ್ದೇವೆ.

‘ಹಾಗಾದರೆ ಹಿಂದಿನ ವರ್ಷದ ಕಟ್ ಆಫ್ ನೋಡುವುದೇ ಬೇಡವೇ?’ ಎಂದು ಕೇಳಬಹುದು. ನೋಡಬೇಕು, ಆದರೆ ಪಟ್ಟಿಯ ಬಾಲಕ್ಕಾಗಿ. ಪಟ್ಟಿಯಲ್ಲಿರುವ ಎಲ್ಲ ಕಾಲೇಜುಗಳೂ ಕೈಗೆಟುಕದವೇ ಆಗಿದ್ದರೆ ಆ ಸುತ್ತಿನಲ್ಲಿ ಸೀಟೇ ಸಿಗುವುದಿಲ್ಲ. ಆದ್ದರಿಂದ ಹಿಂದಿನ ವರ್ಷ ನಮ್ಮದಕ್ಕಿಂತ ಸಾಕಷ್ಟು ಹಿಂದಿನ ರ‍್ಯಾಂಕಿನವರಿಗೂ ಸಿಕ್ಕಿರುವ, ಸಿಕ್ಕರೆ ಸೇರಲು ಮನೆಯವರು ಒಪ್ಪುವ ಕೆಲವು ಕಾಲೇಜುಗಳನ್ನು ಕೊನೆಯಲ್ಲಿ ಸೇರಿಸಬೇಕು. ಸಿಕ್ಕರೂ ಸೇರುವುದಿಲ್ಲ ಎಂಬಂಥದ್ದನ್ನು ಬರೆಯಲೇಬಾರದು. ಇನ್ನೊಂದು ಆಕ್ಷೇಪ ಸುತ್ತುಗಳ ಕುರಿತದ್ದು. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಇರುತ್ತವೆ. ಒಂದನೆಯದು, ಇದೇ ಸಾಕು, ಸೇರುತ್ತೇನೆ. ಎರಡನೆಯದು, ಇದು ಇರಲಿ, ಇದಕ್ಕಿಂತ ಮೇಲೆ ಬರೆದದ್ದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಅದು ಬೇಕು. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು, ನನಗೆ ಈ ಪ್ರಕ್ರಿಯೆಯೇ ಬೇಡ. ಮೂರನೆಯದನ್ನು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ, ಅಲ್ಲಿ ಎಚ್ಚರ ಬೇಕೇ ಬೇಕು. ಎರಡನೆಯದರಲ್ಲಿ ಮೇಲಿನದು ಸಿಗದಿದ್ದರೆ ಹಳೆಯದು ಉಳಿಯುತ್ತದೆ, ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ. ಸುಳ್ಳು ಕ್ರಮದಲ್ಲಿ ಬರೆದವರು ಇಲ್ಲಿ ಎರಡನೇ ಸಲ ಪೆಟ್ಟು ತಿನ್ನುತ್ತಾರೆ. ‘ಸಿಗೋದನ್ನೇ’ ಮೊದಲು ಬರೆದು ಅದೇ ಸಿಕ್ಕವರಿಗೆ ಅದರ ಮೇಲೆ ಏರಲು ಪಟ್ಟಿಯಲ್ಲಿ ಏನೂ ಇರುವುದಿಲ್ಲ. ಬೇರೆಯವರು ಬಿಟ್ಟುಹೋದ ಒಳ್ಳೆಯ ಸೀಟುಗಳು ಎರಡನೇ ಸುತ್ತಿಗೆ ಬಂದಾಗ ಅವರು ಸುಮ್ಮನೆ ನೋಡುತ್ತಾ ಕೂರಬೇಕು. ನಿಯಮದ ವಿವರಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುವುದರಿಂದ ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಕವನ್ನು ಓದಿಯೇ ಚಾಯ್ಸ್ ಒತ್ತಬೇಕು.

ಈ ಪಟ್ಟಿಯನ್ನು ಹಗುರವಾಗಿ ಕಾಣುವವರು ಅದು ಬರುವ ಮೊದಲು ಏನಿತ್ತೆಂದು ನೆನೆಯಬೇಕು. ಡೊನೇಷನ್ ಹಾವಳಿ ತಡೆಯಲು ಕರ್ನಾಟಕ 1984ರಲ್ಲೇ ಕಾನೂನು ಮಾಡಿತ್ತು. ಆದರೂ ಉತ್ತರ ಪ್ರದೇಶದ ಮೀರತ್‌ನಿಂದ ಬಂದ ಮೋಹಿನಿ ಜೈನ್ ಅವರಿಗೆ ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಬೇಕಾದಾಗ, ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದ ಶುಲ್ಕ ಹೊರರಾಜ್ಯದವರಿಗೆ 60,000 ಆಗಿತ್ತು. ಅವರು ಹೂಡಿದ ಮೊಕದ್ದಮೆಯಲ್ಲಿ 1992ರಲ್ಲಿ, ಬಳಿಕ ಉನ್ನಿಕೃಷ್ಣನ್ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಡೊನೇಷನ್ ವಿರುದ್ಧ ತೀರ್ಪು ಕೊಟ್ಟ ಮೇಲೆ, ಪ್ರತಿಭೆಯನ್ನು ಅಳೆದು ಸೀಟು ಹಂಚುವ ಸಾರ್ವಜನಿಕ ವ್ಯವಸ್ಥೆ ಅನಿವಾರ್ಯವಾಯಿತು. 1994ರಲ್ಲಿ ರಾಜ್ಯ ಸಿಇಟಿ ಘಟಕವನ್ನು ಕಟ್ಟಿತು. ಶಿಫಾರಸು ಮಾಡಿಸಲು ಬೆಂಗಳೂರಿನಲ್ಲಿ ಯಾರೂ ಇಲ್ಲದ ಮುಳಬಾಗಿಲಿನ ರೈತನ ಮಗಳಿಗೂ ಮಲ್ಲೇಶ್ವರದ ಮನೆಯ ಹುಡುಗನಿಗೂ ಒಂದೇ ಸರದಿ ಎಂಬುದು ಆ ವ್ಯವಸ್ಥೆಯ ಅರ್ಥ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಎಲ್ಲ ಸೀಟುಗಳೂ ಈ ಸರದಿಯಲ್ಲಿ ಸಿಗುವುದಿಲ್ಲ, ನಿಜ. ಕಾಮೆಡ್-ಕೆ ಸೀಟುಗಳಿವೆ, ಮ್ಯಾನೇಜ್‌ಮೆಂಟ್ ಸೀಟುಗಳಿವೆ. ‘ಈಗಲೇ ಬುಕ್ ಮಾಡಿ, ಆಮೇಲೆ ಸಿಗೋಲ್ಲ’ ಎನ್ನುವ ಏಜೆಂಟರು ಸಿಇಟಿ ಫಲಿತಾಂಶಕ್ಕೂ ಮೊದಲೇ ಫೋನ್ ಮಾಡುತ್ತಾರೆ. ಸರದಿಯಲ್ಲಿ ಏನು ಸಿಗುತ್ತದೆಂದು ತಿಳಿಯುವ ಮೊದಲೇ ಅವರ ಕೈಗೆ ದುಡ್ಡು ಕೊಟ್ಟವರು ತಮ್ಮ ಮಕ್ಕಳ ರ‍್ಯಾಂಕಿಗೆ ತಾವೇ ಬೆಲೆ ಇಲ್ಲವಾಗಿಸಿದಂತೆ.

ಇನ್ನು ಮನೆಯಲ್ಲಿ ಹಾಕಬೇಕಾದ ಲೆಕ್ಕ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021–22ರ ವರದಿಯ ಪ್ರಕಾರ, ಕಾಲೇಜು ವಯಸ್ಸಿನ ಪ್ರತಿ ಲಕ್ಷ ಜನಕ್ಕೆ ಕರ್ನಾಟಕದಲ್ಲಿ 66 ಕಾಲೇಜುಗಳಿವೆ. ದೇಶದ ಸರಾಸರಿ 30. ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 1,106 ಕಾಲೇಜುಗಳು, ಇದು ದೇಶದ ಯಾವ ಜಿಲ್ಲೆಗಿಂತಲೂ ಹೆಚ್ಚು. ಈ ಕಾಲೇಜುಗಳ ಕಾಡಿನ ಅಂಚಿನಲ್ಲೇ ಕೋಲಾರ ಇದೆ. ನಮ್ಮ ಮಕ್ಕಳ ತೊಂದರೆ ಕಾಲೇಜು ಇಲ್ಲದ್ದಲ್ಲ, ಹೆಸರುಗಳು ಲೆಕ್ಕಕ್ಕಿಂತ ಹೆಚ್ಚಿರುವುದು. ಹೆಸರು ಹೆಚ್ಚಾದಾಗ ಮನಸ್ಸು ಒಂದೇ ಅಳತೆಗೋಲು ಹಿಡಿದುಬಿಡುತ್ತದೆ. ಬೆಂಗಳೂರಾದರೆ ಒಳ್ಳೆಯದು, ಕೋಲಾರವಾದರೆ ಅಷ್ಟಕ್ಕಷ್ಟೇ. ಈ ಅಳತೆ ಎರಡು ಕಡೆಯಿಂದಲೂ ಮೋಸ ಮಾಡುತ್ತದೆ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಉತ್ತಮ, ಮಧ್ಯಮ, ಕಳಪೆ ಎಲ್ಲವೂ ಸೇರಿರುತ್ತವೆ. ಬೆಂಗಳೂರಿನ ಹೊರವಲಯದ ಸಾಧಾರಣ ಕಾಲೇಜೊಂದು ಊರಿನ ಹೆಸರಿನಿಂದಷ್ಟೇ ಒಳ್ಳೆಯದಾಗುವುದಿಲ್ಲ. ಇತ್ತ ಕೋಲಾರದ ಟಮಕದಲ್ಲೇ 1986ರಲ್ಲಿ ಶುರುವಾದ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ, 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾದಾಗ ಹುಟ್ಟಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರವಿದೆ, ತೋಟಗಾರಿಕಾ ಕಾಲೇಜಿದೆ. ಕೆಜಿಎಫ್‌ನ ಊರಿಗಾಂನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ.

ದೂರದ ಲೆಕ್ಕ ಒಂದೊಂದು ತಾಲ್ಲೂಕಿಗೆ ಒಂದೊಂದು ಥರ. ಮಾಲೂರು ಬೆಂಗಳೂರು–ಬಂಗಾರಪೇಟೆ ಮುಖ್ಯ ರೈಲು ಮಾರ್ಗದ ಮೇಲಿದೆ. ಸೀಸನ್ ಟಿಕೆಟ್ ಮಾಡಿಸಿಕೊಂಡು ವೈಟ್‌ಫೀಲ್ಡ್, ಕೆ.ಆರ್. ಪುರದ ಕಡೆಯ ಕಾಲೇಜಿಗೆ ದಿನಾ ಹೋಗಿಬರುವುದು ಅಲ್ಲಿಯವರಿಗೆ ಸಾಧ್ಯ. ಮುಳಬಾಗಿಲಿಗೆ ರೈಲೇ ಇಲ್ಲ. ಹೆದ್ದಾರಿಯಲ್ಲಿ ಬೆಂಗಳೂರು ಹೆಚ್ಚುಕಡಿಮೆ ನೂರು ಕಿಲೊಮೀಟರ್, ದಿನಾ ಓಡಾಡಿದರೆ ಓದಲು ಹೊತ್ತೇ ಉಳಿಯುವುದಿಲ್ಲ. ಅಲ್ಲಿಯವರಿಗೆ ಬೆಂಗಳೂರೆಂದರೆ ಹಾಸ್ಟೆಲ್ ಅಥವಾ ಪಿಜಿ. ಪಿಜಿಗೆ, ಊಟಕ್ಕೆ, ಓಡಾಟಕ್ಕೆ ಸೇರಿ ತಿಂಗಳಿಗೆ 8,000 ಎಂದು ಹಿಡಿದರೂ ಹತ್ತು ತಿಂಗಳಿಗೆ 80,000, ನಾಲ್ಕು ವರ್ಷಕ್ಕೆ 3 ಲಕ್ಷ 20 ಸಾವಿರ. ಇದು ಫೀಸಿನ ಹೊರಗಿನ ಮಾತು, ಮತ್ತು ಸೀಟು ಸಿಕ್ಕ ಖುಷಿಯಲ್ಲಿ ಯಾರೂ ಬರೆದಿಡದ ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಲೆಕ್ಕ ಬೇರೆಯಾಗಿದೆ. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲದ್ದರಿಂದ ಶ್ರೀನಿವಾಸಪುರದ ಹಳ್ಳಿಯ ಹುಡುಗಿಗೆ ಕೋಲಾರದ ಕಾಲೇಜು ಈಗ ಹಿಂದಿಗಿಂತ ಹತ್ತಿರ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಇದೆ. ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆಯ ನೆರವಿದೆ. ಈ ಲೆಕ್ಕವೆಲ್ಲ ಮುಗಿದ ಮೇಲೆ ಯಾವ ಕಾಲೇಜು ಮೊದಲು ಬರುತ್ತದೋ ಅದೇ ಆ ಮನೆಯ ಪ್ರಾಮಾಣಿಕ ಮೊದಲ ಆಪ್ಷನ್. ಅದು ಯುವಿಸಿಇ ಆಗಿರಬಹುದು, ಕೋಲಾರದ್ದೇ ಆಗಿರಬಹುದು. ಕೋಲಾರದ್ದನ್ನು ಲೆಕ್ಕ ಹಾಕಿ ಮೇಲೆ ಬರೆಯುವುದಕ್ಕೂ ಹೆದರಿ ಮೇಲೆ ಬರೆಯುವುದಕ್ಕೂ ಅಜಗಜಾಂತರ.

‘ಬೆಂಗಳೂರಿನಲ್ಲಿ ಓದಿದರೆ ಕೆಲಸ ಬೇಗ ಸಿಗುತ್ತದಲ್ಲ?’ ಎಂಬುದು ಬಲವಾದ ಪ್ರಶ್ನೆ. ಕಂಪನಿಗಳು ನಗರದ ಹೆಸರಾಂತ ಕಾಲೇಜುಗಳಿಗೆ ಮೊದಲು ಹೋಗುವುದು ನಿಜ. ಆದರೆ ಆ ಮಾತು ನಗರದ ಕೆಲವೇ ಕಾಲೇಜುಗಳಿಗೆ ಅನ್ವಯಿಸುತ್ತದೆ. ಉಳಿದವುಗಳ ಬ್ಯಾನರ್ ಮೇಲಿನ ‘ಅತಿ ಹೆಚ್ಚು ಪ್ಯಾಕೇಜ್’ ಒಬ್ಬನೇ ವಿದ್ಯಾರ್ಥಿಯ ಕಥೆ. ಕೇಳಬೇಕಾದದ್ದು ಬೇರೆ. ನಮಗೆ ಬೇಕಾದ ಬ್ರಾಂಚ್‌ನಲ್ಲಿ ಮೊದಲ ವರ್ಷ ಎಷ್ಟು ಜನ ಸೇರಿದ್ದರು, ಅವರಲ್ಲಿ ಎಷ್ಟು ಜನ ಒಂದೂ ವಿಷಯ ಉಳಿಸಿಕೊಳ್ಳದೆ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಸಂಬಳದ ಸಾಲಿನಲ್ಲಿ ನಟ್ಟನಡುವೆ ನಿಂತವನಿಗೆ ಎಷ್ಟು? ಇಷ್ಟಕ್ಕೆ ಉತ್ತರ ಕೊಡದ ಕಾಲೇಜಿನ ಬ್ಯಾನರ್ ನಂಬಬೇಕಾಗಿಲ್ಲ. ನ್ಯಾಕ್ ಗ್ರೇಡ್ ಇಡೀ ಸಂಸ್ಥೆಗೆ ಕೊಡುವಂಥದ್ದು, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ ಕೊಡುವಂಥದ್ದು. ಕಾಲೇಜಿಗೆ ಒಳ್ಳೆಯ ಗ್ರೇಡ್ ಇದ್ದು, ನಾವು ಸೇರುವ ಬ್ರಾಂಚಿಗೆ ಎನ್‌ಬಿಎ ಇಲ್ಲದಿರಬಹುದು. ಒಳ್ಳೆಯ ಸಾಧನೆಯ ಕಾಲೇಜುಗಳಿಗೆ ಸೀಟಿನ ಮಿತಿಯನ್ನು ಎಐಸಿಟಿಇ 2024–25ರಿಂದ ತೆಗೆದುಹಾಕಿದ್ದರಿಂದ ಕಂಪ್ಯೂಟರ್ ಸೈನ್ಸ್ ಬಳಗದ ಸೀಟುಗಳು ಬೆಂಗಳೂರಿನಲ್ಲಿ ಏರಿವೆ. ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಹೊಸ ಹೆಸರುಗಳೂ ಬಂದಿವೆ. ಸೀಟು ಹೆಚ್ಚಿದ ಪ್ರಮಾಣದಲ್ಲಿ ಮೇಷ್ಟ್ರುಗಳೂ ಲ್ಯಾಬ್‌ಗಳೂ ಹೆಚ್ಚಿವೆಯೇ ಎಂದು ಕೇಳದೆ ಹೆಸರಿಗೆ ಮರುಳಾಗಬಾರದು.

ಎಂಜಿನಿಯರಿಂಗ್ ಒಂದೇ ದಾರಿ ಎಂಬ ಊಹೆಯೂ ಪಟ್ಟಿಯನ್ನು ಕುರುಡಾಗಿಸುತ್ತದೆ. ಶ್ರೀನಿವಾಸಪುರ ಮಾವಿಗೆ, ಕೋಲಾರ ಟೊಮೆಟೊಗೆ, ಇಡೀ ಸೀಮೆ ರೇಷ್ಮೆಗೆ ಹೆಸರಾಗಿರುವಾಗ, ಟಮಕದ ತೋಟಗಾರಿಕಾ ಕಾಲೇಜೂ ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜೂ ಹತ್ತಿರದಲ್ಲಿರುವುದು ಸಣ್ಣ ಅನುಕೂಲವಲ್ಲ. ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಬೇರೆಯದೇ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು, ಅರ್ಜಿ ಹಾಕುವಾಗಲೇ ಆ ಕೋಟಾ ಕೇಳಿರಬೇಕು. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ ಡಿಸಿಇಟಿ ಮೂಲಕ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರುವ ದಾರಿಯೂ ಇದೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಊರುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024–25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಪದವಿ ಕಾಲೇಜಿಗೆ ಸಿಇಟಿಯಂಥ ಒಂದೇ ಸರದಿ ಇಲ್ಲ, ಒಂದೊಂದಕ್ಕೂ ಬೇರೆಬೇರೆ ಅರ್ಜಿ ಹಾಕಬೇಕು. ಹಾಗಾಗಿ ಇಲ್ಲೂ ಮನೆಯಲ್ಲೊಂದು ಪಟ್ಟಿ ಬೇಕು. ಒಂದೆಡೆ ಸೇರಿ ಇನ್ನೊಂದೆಡೆಗೆ ಹೋಗಬೇಕಾಗಿ ಬಂದರೆ, ಯುಜಿಸಿಯ 2018ರ ಅಧಿಸೂಚನೆಯಂತೆ ಕಾಲೇಜು ಮೂಲ ಅಂಕಪಟ್ಟಿ, ಟಿ.ಸಿ.ಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, ಬೇಗ ಬಿಟ್ಟಷ್ಟೂ ಹೆಚ್ಚು ಶುಲ್ಕ ವಾಪಸು ಕೊಡಬೇಕು.

ಇಷ್ಟೆಲ್ಲ ಲೆಕ್ಕಾಚಾರ ಯಾಕೆ, ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ಕೂಡ ಪಾಸಾಗಿರಲಿಲ್ಲ ಎನ್ನುವವರಿದ್ದಾರೆ. ಡಿ.ವಿ.ಜಿ.ಯವರದು ನೂರು ವರ್ಷಕ್ಕೊಮ್ಮೆ ಬರುವ ಸ್ವಾಧ್ಯಾಯ. ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರು ಮದರಾಸು ವಿಶ್ವವಿದ್ಯಾಲಯದ ಎಂ.ಎ. ಮಾಡಿ ಮೈಸೂರು ಸಿವಿಲ್ ಸರ್ವಿಸ್ ಸೇರಿದರು ಎಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಸರದಿ ಎಲ್ಲರಿಗೂ ಒಂದೇ ಆದರೂ ತಿಳಿವಳಿಕೆ ಒಂದೇ ಅಲ್ಲ. ನಗರದ ಮನೆಗಳಿಗೆ ಗೊತ್ತಿರುವುದು ಹಳ್ಳಿಯ ಮನೆಗಳಿಗೆ ತಲುಪುವುದಿಲ್ಲ. ಇದು ಸತ್ಯ. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಆದರೆ ಕನ್ನಡ ಮಾಧ್ಯಮದ ಮೀಸಲಾತಿಗೆ ಮನೆಮಾತು ಲೆಕ್ಕಕ್ಕಿಲ್ಲ, ಓದಿದ ಮಾಧ್ಯಮವಷ್ಟೇ ಲೆಕ್ಕ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆಯಿದ್ದರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟಿನಲ್ಲಿ ಬೋಧನಾ ಶುಲ್ಕ ಮನ್ನಾ ಆಗುತ್ತದೆ. ಅರ್ಜಿಯಲ್ಲಿ ಈ ಕಾಲಂಗಳನ್ನು ತುಂಬದೆ ಬಿಟ್ಟವರಿಗೆ, ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಲ್ಲದವರಿಗೆ ಹಕ್ಕಿದ್ದೂ ಸೀಟಿಲ್ಲ. ಪಟ್ಟಿ ಬರೆಯುವುದರಷ್ಟೇ ಮುಖ್ಯ, ನಾಡಕಚೇರಿಯ ಕೆಲಸವನ್ನು ತಿಂಗಳುಗಳ ಮೊದಲೇ ಮುಗಿಸಿಕೊಳ್ಳುವುದು. ಲಾಗಿನ್ ಪಾಸ್‌ವರ್ಡನ್ನೂ ಒಟಿಪಿ ಬರುವ ಮೊಬೈಲನ್ನೂ ಸೈಬರ್ ಸೆಂಟರ್‌ನವರ ಕೈಗೆ ಒಪ್ಪಿಸಿಬಿಡಬಾರದು.

ತಿಳಿವಳಿಕೆಯ ಈ ಕೊರತೆ ತುಂಬಲು ಹೊಸ ಯೋಜನೆಯಾಗಲಿ ದೊಡ್ಡ ಬಜೆಟ್ಟಾಗಲಿ ಬೇಕಾಗಿಲ್ಲ. ಕಳೆದ ವರ್ಷದ ಕಟ್ ಆಫ್ ಪಟ್ಟಿ ಕೆಇಎ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಜಿಲ್ಲೆಯ ಪ್ರತಿ ಪಿಯು ಕಾಲೇಜು ರ‍್ಯಾಂಕ್ ಪ್ರಕಟವಾದ ವಾರದಲ್ಲಿ ಒಂದು ದಿನ ಪೋಷಕರನ್ನು ಕರೆಸಿ, ಹಂಚಿಕೆ ಹೇಗೆ ನಡೆಯುತ್ತದೆಂದು ಬೋರ್ಡಿನ ಮೇಲೆ ಬರೆದು ತೋರಿಸಲಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇರುವ ಕಡೆ ಆಪ್ಷನ್ ಎಂಟ್ರಿಗೆ ನೆರವಾಗಲಿ. ಅಂತಿಮ ಹಂಚಿಕೆಗೆ ಮೊದಲು ಕೆಇಎ ಮಾಕ್ ಅಲಾಟ್‌ಮೆಂಟ್ ಮಾಡುತ್ತದೆ. ಈಗಿರುವ ಪಟ್ಟಿಗೆ ಏನು ಸಿಗಬಹುದೆಂದು ನೋಡಿ ತಿದ್ದಿಕೊಳ್ಳಲು ಅದೇ ಅವಕಾಶ. ಅಲ್ಲಿ ಸಿಕ್ಕಿದ್ದನ್ನು ನೋಡಿ ಹೆದರಿ ಮೇಲಿನವನ್ನು ಅಳಿಸುವುದಲ್ಲ, ಮನೆಯ ಲೆಕ್ಕದಲ್ಲಿ ತಪ್ಪಿದ್ದೆಲ್ಲಿ ಎಂದು ಹುಡುಕುವುದು ಅದರ ಉಪಯೋಗ. ರ‍್ಯಾಂಕ್ ಬಂದ ಮೇಲೆ ಅದನ್ನು ಯಾರೂ ಬದಲಿಸಲಾರರು. ಪಟ್ಟಿಯನ್ನು ಕೊನೆಯ ದಿನದವರೆಗೂ ತಿದ್ದಬಹುದು. ಎರಡು ವರ್ಷ ಕಷ್ಟಪಟ್ಟು ಗಳಿಸಿದ ರ‍್ಯಾಂಕನ್ನು ಅರ್ಧ ಗಂಟೆಯಲ್ಲಿ ಬರೆದ ಪಟ್ಟಿಗೆ ಒಪ್ಪಿಸುವ ಬದಲು, ಆ ಪಟ್ಟಿಗೆ ಒಂದು ವಾರದ ದುಡಿಮೆ ಹಾಕುವುದು ಯಾವ ಮನೆಗೂ ಹೆಚ್ಚಿನ ಭಾರವಾಗದು.